ಪ್ರವಾಸಿಯ ಉಸಿರೂ ರಾಣಿಯ ಸಮಾಧಿಯೂ

ಈಜಿಪ್ಟಿನ ಲಕ್ಸರ್ ನಗರದ ಎದುರಿಗೆ, ನೈಲ್ ನದಿಯ ಪಶ್ಚಿಮ ದಂಡೆಯ ಬೋಳು ಬೆಟ್ಟಗಳ ನಡುವೆ ರಾಣಿಯರ ಕಣಿವೆಯಿದೆ. ಅಲ್ಲಿ ಎರಡನೆಯ ರಾಮ್ಸೆಸ್ ದೊರೆಯ ಪಟ್ಟದರಸಿ ನೆಫೆರ್ಟಾರಿಯ ಸಮಾಧಿಯನ್ನು 1904ರಲ್ಲಿ ಇಟಲಿಯ ಪುರಾತತ್ತ್ವಜ್ಞ ಎರ್ನೆಸ್ಟೋ ಸ್ಕಿಯಾಪರೆಲ್ಲಿ ಬೆಳಕಿಗೆ ತಂದನು. ಅದರ ಭಿತ್ತಿಚಿತ್ರಗಳಿಗೆ 3,200 ವರ್ಷಗಳಿಗೂ ಮೀರಿದ ವಯಸ್ಸು. ಇಷ್ಟು ಕಾಲ ಉಳಿದ ಚಿತ್ರಗಳಿಗೆ, ನೋಡಲು ಹೋಗುವ ನಮ್ಮ ಉಸಿರಿನಿಂದಲೇ ಅಪಾಯವುಂಟೆಂದರೆ ಆಶ್ಚರ್ಯವಾಗಬಹುದು. ಇದರ ಕಾರಣವನ್ನು ವಿಚಾರಿಸೋಣ.

ಹಳೆಯ ಮನೆಗಳಲ್ಲಿ ಗೋಡೆಯ ಬುಡದ ಗಾರೆ ಉಬ್ಬಿ, ಬಿಳಿಯ ಪುಡಿಯೊಡನೆ ಉದುರುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಲವಣದ ಕೆಲಸ. ಈ ಸಮಾಧಿಯ ಸುಣ್ಣಕಲ್ಲಿನಲ್ಲಿಯೂ ಅಡುಗೆಯ ಉಪ್ಪು, ಎಂದರೆ ಸೋಡಿಯಂ ಕ್ಲೋರೈಡ್, ಸೇರಿಕೊಂಡಿದೆ. ತೇವ ತಗಲಿದಾಗ ಅದು ಕರಗಿ ಗಾರೆಯ ಸೂಕ್ಷ್ಮರಂಧ್ರಗಳೊಳಗೆ ಹರಿಯುತ್ತದೆ; ತೇವ ಆರಿದಾಗ ಮತ್ತೆ ಸ್ಫಟಿಕವಾಗುತ್ತದೆ. ಬೆಳೆಯುವ ಸ್ಫಟಿಕವು ಸುತ್ತಣ ಗಾರೆಯನ್ನು ಒತ್ತಿ, ಚಿತ್ರದ ಪದರವನ್ನು ಬಂಡೆಯಿಂದ ಬಿಡಿಸುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75ನ್ನು ಮೀರಿದರೆ ಉಪ್ಪು ಗಾಳಿಯೊಳಗಿನ ನೀರಾವಿಯನ್ನೇ ಹೀರಿ ಕರಗುವುದು. ಮಳೆಗಾಲದಲ್ಲಿ ನಮ್ಮ ಉಪ್ಪಿನ ಭರಣಿ ನೀರಾಗುವುದೂ ಇದರಿಂದಲೇ.

ಇನ್ನು ಲೆಕ್ಕ ಹಾಕಿ ನೋಡೋಣ. ನಾವು ಬಿಡುವ ಉಸಿರು ಸುಮಾರು 34 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ನೀರಾವಿಯಿಂದ ಬಹುಮಟ್ಟಿಗೆ ಸಂತೃಪ್ತವಾಗಿರುತ್ತದೆ. ಆ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ 38 ಗ್ರಾಂ ನೀರಾವಿಯನ್ನು ಹಿಡಿದಿಡಬಲ್ಲುದು. ಗಂಟೆಗೆ ಅರ್ಧ ಘನ ಮೀಟರು ಗಾಳಿಯನ್ನು ಉಸಿರಾಡುವವನು ಸುಮಾರು 19 ಗ್ರಾಂ ನೀರಾವಿಯನ್ನು ಹೊರಬಿಡುತ್ತಾನೆ. ಒಳಗೆಳೆದುಕೊಂಡ ಗಾಳಿಯ ತೇವವನ್ನು ಇದರಲ್ಲಿ ಕಳೆಯಬೇಕು, ನಿಜ. ಆದರೆ ಬೆವರು ಆ ಕೊರತೆಯನ್ನು ತುಂಬಿಬಿಡುತ್ತದೆ. ನೂರು ಮಂದಿ ಒಂದು ಗಂಟೆ ನಿಂತರೆ ಸುಮಾರು ಎರಡು ಲೀಟರು ನೀರು! ಗಾಳಿಯಾಡದ ನೆಲಮಾಳಿಗೆಯಲ್ಲಿ ಅದು ಬೇಗನೆ ಹೊರಹೋಗಲಾರದು.

ಆದುದರಿಂದಲೇ, ಈಜಿಪ್ಟಿನ ಪ್ರಾಚ್ಯವಸ್ತು ಇಲಾಖೆಯೂ ಅಮೆರಿಕದ ಗೆಟ್ಟಿ ಸಂರಕ್ಷಣಾ ಸಂಸ್ಥೆಯೂ 1986ರಲ್ಲಿ ಆರಂಭಿಸಿದ ದುರಸ್ತಿ 1992ರಲ್ಲಿ ಮುಗಿದು, 1995ರಲ್ಲಿ ಸಮಾಧಿಯನ್ನು ತೆರೆದಾಗ ದಿನಕ್ಕೆ 150 ಮಂದಿಗೆ ಮಾತ್ರ ಪ್ರವೇಶವಿತ್ತು. 1922ರಲ್ಲಿ ಹೋವರ್ಡ್ ಕಾರ್ಟರ್ ಕಂಡುಹಿಡಿದ ಟುಟಾಂಖಾಮನ್ ದೊರೆಯ ಸಮಾಧಿಯ ವಿಷಯದಲ್ಲಿ ಇನ್ನೊಂದು ದಾರಿ ಹಿಡಿದರು: 2014ರಲ್ಲಿ ಅದರ ಪಡಿಯಚ್ಚನ್ನು ಸಮೀಪದಲ್ಲೇ ನಿರ್ಮಿಸಿ ಜನರಿಗೆ ತೆರೆದರು, 2019ರಲ್ಲಿ ಮುಗಿದ ಸಂರಕ್ಷಣಾಕಾರ್ಯದಲ್ಲಿ ಮೂಲ ಸಮಾಧಿಗೆ ಹೊಸ ವಾಯುಸಂಚಾರ ವ್ಯವಸ್ಥೆಯನ್ನು ಅಳವಡಿಸಿದರು.

ದೂರದಿಂದ ಬಂದವನಿಗೆ ಬಾಗಿಲಲ್ಲಿ ತಡೆಯುವ ಕಟ್ಟಳೆ ಕಠಿನವೆನಿಸೀತು. ಆದರೆ ಅದು ಅಧಿಕಾರಿಯ ಇಚ್ಛೆಗಿಂತ ಹೆಚ್ಚಾಗಿ ಉಪ್ಪು ಮತ್ತು ನೀರಾವಿಗಳ ನಿಯಮ. ಅದನ್ನು ಅರಿತ ಪ್ರವಾಸಿಯು ಬೇಗ ನೋಡಿ ಹೊರಬರುವನು; ಮುಂದೆ ಬರುವವರಿಗೂ ಆ ಚಿತ್ರಗಳು ಉಳಿಯುವುವು.