ಮೂರನೇ ಲೆಗ್ ಓಡುವ ಹುಡುಗನಿಗೆ

ಪ್ರೀತಿಯ ಪುಟ್ಟಾ,

ವಿಶ್ವವಿದ್ಯಾಲಯದ 4×400 ಮೀಟರ್ಸ್ ರಿಲೇ ತಂಡಕ್ಕೆ ನೀನು ಆಯ್ಕೆಯಾದ ಸುದ್ದಿಯನ್ನು ನಿನ್ನ ಅಮ್ಮ ಫೋನಿನಲ್ಲಿ ಹೇಳಿದಳು. ಕೇಳಿ ಹಿಗ್ಗಿದೆ. ಆದರೆ ನಿನಗೆ ಆಯ್ಕೆಯಾದ ಸಂತೋಷಕ್ಕಿಂತ ಮೂರನೇ ಲೆಗ್ ಸಿಕ್ಕಿತೆಂಬ ಬೇಸರವೇ ಹೆಚ್ಚಾಗಿದೆಯಂತೆ. ಮೊದಲು ಓಡುವವನ ಮೇಲೆ ಎಲ್ಲರ ಕಣ್ಣಿರುತ್ತದೆ, ಕೊನೆಗೆ ಓಡುವವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ, ನಡುವೆ ಓಡಿದವನನ್ನು ಯಾರು ಕೇಳುತ್ತಾರೆ ಎಂದೆಯಂತೆ. ಈ ಬೇಸರ ನಿನ್ನೊಳಗೆ ಬೇರು ಬಿಡುವ ಮೊದಲೇ ಬರೆಯಬೇಕೆನಿಸಿತು. ಪತ್ರ ಉದ್ದವಾದರೂ ಪೂರ್ತಿ ಓದು.

2023ರ ಆಗಸ್ಟ್ 26ರಂದು ಬುಡಾಪೆಸ್ಟ್‌ನಲ್ಲಿ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್‌ನ ಪುರುಷರ 4×400 ರಿಲೇ ಹೀಟ್ಸ್ ನಡೆದವು. ಮೊದಲ ಹೀಟ್‌ನಲ್ಲಿ ಅಮೆರಿಕ, ಬ್ರಿಟನ್, ಜಮೈಕದ ಜೊತೆ ನಮ್ಮವರೂ ಇದ್ದರು. ಮುಹಮ್ಮದ್ ಅನಸ್, ಅಮೋಜ್ ಜೇಕಬ್, ಮುಹಮ್ಮದ್ ಅಜ್ಮಲ್, ರಾಜೇಶ್ ರಮೇಶ್. ಅನಸ್ ಮೊದಲ ಸುತ್ತು ಮುಗಿಸಿ ಬ್ಯಾಟನ್ ಕೊಟ್ಟಾಗ ಭಾರತ ಹಿಂದುಳಿದಿತ್ತು. ಅಮೋಜ್ ಒಬ್ಬೊಬ್ಬರನ್ನೇ ದಾಟುತ್ತಾ ತಂಡವನ್ನು ಎರಡನೇ ಸ್ಥಾನಕ್ಕೆ ತಂದ. ಮೂರನೇ ಲೆಗ್‌ನ ಅಜ್ಮಲ್ ಆ ಜಾಗವನ್ನು ಬಿಟ್ಟುಕೊಡಲಿಲ್ಲ. ಕೊನೆಯ ನೇರ ಓಟದಲ್ಲಿ ರಾಜೇಶ್ ಅಮೆರಿಕದವನ ಬೆನ್ನಿಗೇ ಬಿದ್ದ. ಅಮೆರಿಕ 2 ನಿಮಿಷ 58.47 ಸೆಕೆಂಡ್, ಭಾರತ 2 ನಿಮಿಷ 59.05 ಸೆಕೆಂಡ್. ಜಪಾನ್ ಹಿಂದಿನ ವರ್ಷ ಮಾಡಿದ್ದ 2:59.51ರ ಏಷ್ಯಾ ದಾಖಲೆ ಅಲ್ಲಿಗೆ ಮುರಿಯಿತು. ಬ್ರಿಟನ್, ಜಮೈಕ ಎರಡೂ ನಮ್ಮವರ ಹಿಂದೆ ಗುರಿ ಮುಟ್ಟಿದವು.

ಈಗ ಕಾಗದ ಪೆನ್ಸಿಲ್ ತೆಗೆದುಕೊಂಡು ಆ ಸಮಯವನ್ನು ನಾಲ್ಕರಿಂದ ಭಾಗಿಸು. ತಲಾ 44.76 ಸೆಕೆಂಡ್ ಬರುತ್ತದೆ. ಆಗ 400 ಮೀಟರ್ಸ್‌ನ ರಾಷ್ಟ್ರೀಯ ದಾಖಲೆ ಅನಸ್‌ನ ಹೆಸರಿನಲ್ಲೇ ಇತ್ತು, 45.21 ಸೆಕೆಂಡ್. ಅಂದರೆ ಒಬ್ಬಂಟಿಯಾಗಿ ಓಡುವಾಗ 45 ಸೆಕೆಂಡ್‌ನ ಒಳಗೆ ಬಂದವನು ಆ ನಾಲ್ವರಲ್ಲಿ ಒಬ್ಬನೂ ಇರಲಿಲ್ಲ. ಎರಡು, ಮೂರು, ನಾಲ್ಕನೆಯವರು ನಿಂತಲ್ಲಿಂದ ಹೊರಡುವುದಿಲ್ಲ, ಓಡುತ್ತಲೇ ಬ್ಯಾಟನ್ ಪಡೆಯುತ್ತಾರೆ. ಹಾಗಾಗಿ ಸ್ವಲ್ಪ ಸಮಯ ಉಳಿಯುವುದು ಸಹಜ. ಆದರೆ ನಾಲ್ವರೂ ಒಂದೇ ದಿನ, ಒಂದೇ ಓಟದಲ್ಲಿ, ಜಗತ್ತಿನ ಅತಿ ಬಲಿಷ್ಠ ತಂಡದ ಪಕ್ಕದಲ್ಲಿ ಹೀಗೆ ಓಡಬೇಕಾದರೆ ಓಡುತ್ತಾ ಪಡೆದ ಚಾಲನೆಯೊಂದೇ ಸಾಲದು. ಎದುರಿನಿಂದ ಬರುವವನು ತನಗಾಗಿ ಎದೆಯೊಡೆಯುವ ಹಾಗೆ ಓಡಿ ಬರುತ್ತಿದ್ದಾನೆ ಎಂಬುದನ್ನು ಕಾಯುತ್ತಾ ನಿಂತವನು ಕಣ್ಣಾರೆ ನೋಡುತ್ತಾನೆ. ಆ ನೋಟ ಕಾಲಿಗೆ ಕೊಡುವ ಕಸುವನ್ನು ಯಾವ ತರಬೇತಿಯೂ ಕೊಡಲಾರದು ಎಂದು ನಾನು ನಂಬುತ್ತೇನೆ.

ಈಗ ನಿನ್ನ ಮೂರನೇ ಲೆಗ್‌ಗೆ ಬರೋಣ. ಮೊದಲಿನವನು ಇಡೀ ಸುತ್ತನ್ನು ತನ್ನ ಲೇನ್‌ನಲ್ಲೇ ಓಡುತ್ತಾನೆ. ಅವನ ದಾರಿಗೆ ಯಾರೂ ಅಡ್ಡ ಬರುವುದಿಲ್ಲ. ಎರಡನೆಯವನು ಮೊದಲ ತಿರುವು ದಾಟಿದ ಮೇಲೆ ಎಲ್ಲರೂ ಒಳ ಅಂಚಿಗೆ ನುಗ್ಗುತ್ತಾರೆ. ಬ್ಯಾಟನ್ ನಿನ್ನ ಹತ್ತಿರ ಬರುವ ಹೊತ್ತಿಗೆ ಲೇನ್ ಎಂಬ ರಕ್ಷಣೆ ಉಳಿದಿರುವುದಿಲ್ಲ. ನಿಮ್ಮವನು 200 ಮೀಟರ್ ಗುರುತು ದಾಟುವಾಗ ಎಷ್ಟನೆಯವನಾಗಿದ್ದಾನೋ ಅದೇ ಕ್ರಮದಲ್ಲಿ ಅಧಿಕಾರಿಗಳು ನಿಮ್ಮನ್ನು ಒಳಗಿನಿಂದ ಹೊರಕ್ಕೆ ನಿಲ್ಲಿಸುತ್ತಾರೆ. ಆಮೇಲೆ ಅವನು ಇಬ್ಬರನ್ನು ಹಿಂದೆ ಹಾಕಿದರೂ ನೀನು ಜಾಗ ಬದಲಿಸುವಂತಿಲ್ಲ. ಇಪ್ಪತ್ತು ಮೀಟರ್‌ನ ವಲಯದಲ್ಲಿ ಎಂಟು ಜನ ಬರುವವರು, ಎಂಟು ಜನ ಹೊರಡುವವರು. ಮೊಣಕೈ ತಾಗುತ್ತದೆ, ಸ್ಪೈಕ್ಸ್ ತುಳಿಯುತ್ತದೆ. ಬರುವವನ ಕಾಲು ಸೋತಿರುತ್ತದೆ, ಅವನ ವೇಗವನ್ನು ನೀನೇ ಅಂದಾಜು ಮಾಡಬೇಕು. ಬೇಗ ಹೊರಟರೆ ಬ್ಯಾಟನ್ ಸಿಗುವುದಿಲ್ಲ, ತಡವಾದರೆ ಅವನು ನಿನ್ನ ಮೇಲೇ ಬೀಳುತ್ತಾನೆ. ಮೈದಾನದ ಒಳಭಾಗಕ್ಕೆ ಮುಖ ಮಾಡಿ ಎಡಗೈ ಚಾಚಿ ತೆಗೆದುಕೋ, ಕಣ್ಣು ಬ್ಯಾಟನ್ ಮೇಲೆಯೇ ಇರಲಿ, ಕೈಗೆ ಬಂದ ಕೂಡಲೇ ಬಲಗೈಗೆ ಬದಲಿಸು. 50 ಗ್ರಾಂ ತೂಕದ ಕೊಳವೆ ಅದು, ಆದರೂ ಇಷ್ಟೆಲ್ಲದರ ನಡುವೆ ಕೈ ಜಾರಿದೆ ಎಂದರೆ ನಾಲ್ವರ ಒಂದು ವರ್ಷದ ಬೆವರು ಹೋಯಿತು.

ತಲೆ ತಣ್ಣಗಿರುವ ಹುಡುಗನನ್ನು ಮೂರನೇ ಲೆಗ್‌ಗೆ ಹಾಕುವುದು ಇದಕ್ಕೇ. ನಿನ್ನ ಕೋಚ್ ನಿನ್ನನ್ನು ಕಡೆಗಣಿಸಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ.

ಬುಡಾಪೆಸ್ಟ್‌ನ ಫೈನಲ್ ಮರುದಿನವೇ ನಡೆಯಿತು. ಅಮೆರಿಕ 2:57.31ರಲ್ಲಿ ಗೆದ್ದಿತು. ಫ್ರಾನ್ಸ್, ಬ್ರಿಟನ್, ಜಮೈಕ, ಆಮೇಲೆ ಭಾರತ, 2:59.92. ಹಿಂದಿನ ದಿನಕ್ಕಿಂತ 0.87 ಸೆಕೆಂಡ್ ನಿಧಾನ. ಅದೇ ರಾತ್ರಿ ನೀರಜ್ ಚೋಪ್ರಾ ಜಾವೆಲಿನ್ 88.17 ಮೀಟರ್ ಎಸೆದು ವಿಶ್ವ ಚಾಂಪಿಯನ್ ಆದರು. ದೇಶವೆಲ್ಲ ಅವರ ಸಂಭ್ರಮದಲ್ಲಿ ಮುಳುಗಿದ್ದರಿಂದ ಈ ಐದನೇ ಸ್ಥಾನ ಬಹಳ ಜನರ ಕಣ್ಣಿಗೆ ಬೀಳಲಿಲ್ಲ. ಬ್ರಿಟನ್ ಕಂಚು ಗೆದ್ದ ಸಮಯ 2:58.71. ನಮ್ಮವರು ಹೀಟ್ಸ್‌ನ ವೇಗವನ್ನೇ ಮತ್ತೆ ತೋರಿಸಿದ್ದರೂ ನಾಲ್ಕನೆಯವರಾಗುತ್ತಿದ್ದರು, ಪದಕ ಸಿಗುತ್ತಿರಲಿಲ್ಲ. ಅದೇ ತಂಡ ಎರಡು ತಿಂಗಳೊಳಗೆ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 3:01.58ರಲ್ಲಿ ಚಿನ್ನ ಗೆದ್ದಿತು. ಆ ಚಿನ್ನಕ್ಕೆ ನಾನೂ ಚಪ್ಪಾಳೆ ತಟ್ಟಿದೆ. ಆದರೂ ಬುಡಾಪೆಸ್ಟ್‌ನ ಐದನೇ ಸ್ಥಾನವೇ ದೊಡ್ಡದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪದಕವಿಲ್ಲದ ಓಟವನ್ನೂ ಅಳೆದು ನೋಡುವ ಅಭ್ಯಾಸ ನಿನಗಿರಲಿ.

ನಿಮ್ಮ ತಂಡದಲ್ಲಿ ಮೀಸಲು ಓಟಗಾರರಿಬ್ಬರು ಇದ್ದಾರಲ್ಲ, ಅವರ ಬಗ್ಗೆಯೂ ಒಂದು ಮಾತು. 2024ರ ಮೇ ತಿಂಗಳಲ್ಲಿ ಬಹಾಮಾಸ್‌ನ ನಸ್ಸೌದಲ್ಲಿ ವಿಶ್ವ ರಿಲೇ ನಡೆಯಿತು. ಪ್ಯಾರಿಸ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯುವ ಮುಖ್ಯ ಅವಕಾಶ ಅಲ್ಲಿತ್ತು. ಮೊದಲ ದಿನ ಎರಡನೇ ಲೆಗ್‌ನಲ್ಲಿ ರಾಜೇಶ್‌ಗೆ ಸ್ನಾಯು ಸೆಳೆತ ಬಂದು ಓಟ ಅರ್ಧಕ್ಕೇ ನಿಂತಿತು. ಬುಡಾಪೆಸ್ಟ್‌ನಲ್ಲಿ ಅಮೆರಿಕದವನನ್ನು ಅಟ್ಟಿಸಿಕೊಂಡು ಹೋದ ಅದೇ ರಾಜೇಶ್. ಮರುದಿನ ಅವನ ಬದಲಿಗೆ ಟ್ರ್ಯಾಕ್‌ಗೆ ಇಳಿದವರು ಮೂವತ್ತು ದಾಟಿದ್ದ ಆರೋಕ್ಯ ರಾಜೀವ್. ಟೋಕಿಯೊ ಒಲಿಂಪಿಕ್ಸ್‌ನಲ್ಲಿ 3:00.25ರಲ್ಲಿ ಅಂದಿನ ಏಷ್ಯಾ ದಾಖಲೆ ಬರೆದೂ ಫೈನಲ್ ತಪ್ಪಿಸಿಕೊಂಡ ತಂಡದಲ್ಲಿ ಅವರಿದ್ದರು. ಅವರು ಬಂದರು, ತಂಡ 3:03.23ರಲ್ಲಿ ಅಮೆರಿಕದ ಹಿಂದೆ ಎರಡನೆಯದಾಗಿ ಪ್ಯಾರಿಸ್‌ಗೆ ಅರ್ಹತೆ ಪಡೆಯಿತು. ಪ್ಯಾರಿಸ್‌ನಲ್ಲಿ 3:00.58 ಓಡಿದರೂ ಫೈನಲ್ ಸಿಗಲಿಲ್ಲ, ಅದು ಬೇರೆ ನೋವು. ಆದರೆ ರಾಜೀವ್ ಆ ದಿನ ಸಿದ್ಧರಿಲ್ಲದಿದ್ದರೆ ನಸ್ಸೌದಲ್ಲಿ ಆ ಅರ್ಹತೆ ಸಿಗುವುದು ಕಷ್ಟವಿತ್ತು. ಬೆಂಚಿನ ಮೇಲೆ ಕೂರುವ ಆ ಇಬ್ಬರ ಜೊತೆಗೂ ಬ್ಯಾಟನ್ ಅಭ್ಯಾಸ ಮಾಡು. ಅವರನ್ನು ಊಟಕ್ಕೂ ಮರೆಯದೆ ಕರೆ.

ಪುಟ್ಟ ದೇಶಗಳೂ ಈ ಓಟದಲ್ಲಿ ಹೇಗೆ ಬೆಳೆದಿವೆ ನೋಡು. ಬೋಟ್ಸ್ವಾನಾದ ಜನಸಂಖ್ಯೆ ಸುಮಾರು 25 ಲಕ್ಷ, ಬೆಂಗಳೂರಿನ ಕಾಲು ಭಾಗವೂ ಇಲ್ಲ. ಆ ದೇಶದ ಓಟಗಾರರು ಪ್ಯಾರಿಸ್‌ನಲ್ಲಿ ಅಮೆರಿಕಕ್ಕಿಂತ 0.10 ಸೆಕೆಂಡ್ ಹಿಂದೆ ಬಿದ್ದು ಬೆಳ್ಳಿ ಪಡೆದರು. 2025ರ ಸೆಪ್ಟೆಂಬರ್‌ನಲ್ಲಿ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಸುರಿಯುವ ಮಳೆಯಲ್ಲಿ, 2:57.76ರಲ್ಲಿ ಚಿನ್ನವನ್ನೇ ಗೆದ್ದರು. ಅಮೆರಿಕ ಮತ್ತು ದಕ್ಷಿಣ ಆಫ್ರಿಕಾ ಎರಡಕ್ಕೂ 2:57.83. ಪುರುಷರ 4×400ರಲ್ಲಿ ವಿಶ್ವ ಚಾಂಪಿಯನ್ ಆದ ಮೊದಲ ಆಫ್ರಿಕನ್ ದೇಶ ಅದು. ಕೊನೆಯ ಹೆಜ್ಜೆಗಳಲ್ಲಿ ಮುನ್ನುಗ್ಗಿದ ಕೊಲೆನ್ ಕೆಬಿನಾಟ್ಶಿಪಿಯ ಚಿತ್ರ ಎಲ್ಲೆಡೆ ಬಂತು. ಅವನ ಕೈಗೆ ಬ್ಯಾಟನ್ ಕೊಟ್ಟವನ ಹೆಸರು ಬಯಾಪೊ ಎನ್ಡೋರಿ. ಮೂರನೇ ಲೆಗ್. ಗೆದ್ದ ಅಂತರ 0.07 ಸೆಕೆಂಡ್ ಮಾತ್ರ. ಎನ್ಡೋರಿ ಕಣ್ಣು ಮಿಟುಕಿಸುವಷ್ಟು ತಡಮಾಡಿದ್ದರೂ ಆ ಚಿನ್ನ ಇರುತ್ತಿರಲಿಲ್ಲ. ಈ ಹೆಸರನ್ನು ನಿನ್ನ ನೋಟ್‌ಬುಕ್ಕಿನಲ್ಲಿ ಬರೆದುಕೋ.

ನಮ್ಮ ನೆಲದಲ್ಲೂ ರಿಲೇ ಓಟದ ಪರಂಪರೆ ಇದೆ. ಕೋಲಾರದ ಕೆನೆತ್ ಪೊವೆಲ್ 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ 4×100 ತಂಡದಲ್ಲಿ ಓಡಿದವರು, 1970ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್‌ನಲ್ಲಿ ರಿಲೇ ಕಂಚು ಗೆದ್ದವರು. 2025ರ ಏಪ್ರಿಲ್‌ನಲ್ಲಿ 4×100 ರಾಷ್ಟ್ರೀಯ ದಾಖಲೆಯನ್ನು 38.69 ಸೆಕೆಂಡ್‌ಗೆ ಇಳಿಸಿದ ನಾಲ್ವರಲ್ಲಿ ನಮ್ಮ ಕರ್ನಾಟಕದ ಮಣಿಕಂಠ ಹೋಬಳಿದಾರ್ ಒಬ್ಬ.

ನಿನಗೆ ಮುಂದೊಂದು ದಿನ ಕೊನೆಯ ಲೆಗ್ ಸಿಗಬಹುದು, ಸಿಗದೆಯೂ ಇರಬಹುದು. ಸದ್ಯ ನಾಳೆಯಿಂದ ಎರಡನೇ ಲೆಗ್‌ನ ಹುಡುಗನ ಜೊತೆ ದಿನವೂ ಬ್ಯಾಟನ್ ಬದಲಿಸುವ ಅಭ್ಯಾಸ ಮಾಡು. ಅವನು ಪೂರ್ತಿ ದಣಿದ ಮೇಲೆ ಮಾಡು, ಪಂದ್ಯದ ದಿನ ಅವನು ನಿನ್ನ ಹತ್ತಿರ ಬರುವುದು ಹಾಗೆಯೇ. ಕೊನೆಯ ಲೆಗ್ ಓಡುವ ಹುಡುಗನಿಗೆ ನೀನು ಯಾವ ವೇಗದಲ್ಲಿ ಬರುತ್ತೀಯೆಂಬುದು ಕರಾರುವಾಕ್ಕಾಗಿ ಗೊತ್ತಿರಲಿ. ಪಂದ್ಯ ಮುಗಿದ ಮೇಲೆ ನನಗೆ ಪತ್ರ ಬರೆ. ನಿನ್ನೊಬ್ಬನ ಸಮಯವಲ್ಲ, ನಾಲ್ವರ ಸಮಯವನ್ನೂ ನಾಲ್ವರ ಹೆಸರನ್ನೂ ಬರೆದು ಕಳಿಸು.

ಇಂತಿ ನಿನ್ನ
ದೊಡ್ಡಪ್ಪ