ಗೃಹಪರೀಕ್ಷೆ: ಅದರ ವಿಧಗಳು ಮತ್ತು ಆವಶ್ಯಕತೆ

ವ್ಯವಸಾಯಗಾರನು ಎತ್ತನ್ನು ಕೊಳ್ಳುವಾಗ ಹಲ್ಲನ್ನು ನೋಡುತ್ತಾನೆ, ಸುಳಿಯನ್ನು ನೋಡುತ್ತಾನೆ, ನೊಗಕ್ಕೆ ಹೂಡಿ ನಡೆಸಿಯೂ ನೋಡುತ್ತಾನೆ. ಎತ್ತಿಗಿಂತ ಎಷ್ಟೋ ಪಾಲು ಹೆಚ್ಚು ಹಣ ಬೀಳುವ ಮನೆಯ ವಿಷಯದಲ್ಲಿ ಮಾತ್ರ, ಹೊಸದಾಗಿ ಬಳಿದ ಸುಣ್ಣವನ್ನು ಕಂಡು ತೃಪ್ತನಾಗುವುದುಂಟು. ಮನೆಯ ದೋಷಗಳು ಒಂದೇ ದಿನದಲ್ಲಿ ಹುಟ್ಟತಕ್ಕವುಗಳಲ್ಲ. ವರ್ಷಗಟ್ಟಲೆ ಮರೆಯಲ್ಲಿ ಬೆಳೆದು ಒಂದು ದಿನ ಪ್ರಕಟವಾಗುತ್ತವೆ.

1993ನೆಯ ಇಸವಿ ಸೆಪ್ಟೆಂಬರ್ 30ರ ಬೆಳಗಿನ ಜಾವದಲ್ಲಿ, ಕರ್ನಾಟಕದ ಗಡಿಗೆ ಸಮೀಪವಾದ ಲಾತೂರು ಜಿಲ್ಲೆಯ ಕಿಲ್ಲಾರಿ ಪ್ರಾಂತದಲ್ಲಿ ಭೂಕಂಪವಾಗಿ ಸಾವಿರಾರು ಜನರು ಮಡಿದರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ಅವರ ಮನೆಗಳೇ. ಕೆಸರುಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳೂ ಅವುಗಳ ಮೇಲಿನ ಭಾರವಾದ ಮಣ್ಣಿನ ಮಾಳಿಗೆಗಳೂ ಮಲಗಿದ್ದವರ ಮೇಲೆ ಕುಸಿದವು. ಇಂತಹ ಮನೆಗಳು ಬಯಲುಸೀಮೆಯ ಗ್ರಾಮಗಳಲ್ಲಿ ಇಂದಿಗೂ ಇವೆ. ಆದುದರಿಂದ ಗೃಹಪರೀಕ್ಷೆಯ ಮುಖ್ಯ ವಿಧಗಳನ್ನು ಇಲ್ಲಿ ವಿವರಿಸಲಾಗಿದೆ.

1. ಕೊಳ್ಳುವ ಮೊದಲಿನ ಪರೀಕ್ಷೆ

ಖಾತೆ, ಋಣಭಾರ ಪತ್ರ ಮೊದಲಾದ ಕಾಗದಗಳು ಹಕ್ಕನ್ನು ತೋರಿಸುವುವೇ ಹೊರತು ಗೋಡೆಯ ಬಲವನ್ನು ತೋರಿಸಲಾರವು. ಮುಂಗಡ ಕೊಡುವ ಮೊದಲೇ, ಮಾರುವವನ ಕಡೆಯವನಲ್ಲದ ಒಬ್ಬ ಇಂಜಿನಿಯರನಿಂದ ಮನೆಯನ್ನು ನೋಡಿಸತಕ್ಕದ್ದು. ಒಳ್ಳೆಯ ಮಳೆ ಬಿದ್ದ ಮರುದಿನ ನೋಡಿದರೆ ಸೋರಿಕೆಯೂ ತೇವವೂ ತಾವಾಗಿಯೇ ಕಾಣುವುವು.

ಗಾರೆಯಲ್ಲಿನ ಕೂದಲೆಳೆಯಂತಹ ಬಿರುಕುಗಳಿಗೆ ಹೆದರಬೇಕಾದುದಿಲ್ಲ. ಬಾಗಿಲು ಕಿಟಕಿಗಳ ಮೂಲೆಯಿಂದ ಓರೆಯಾಗಿ, ಅಥವಾ ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಏರಿಹೋಗುವ ಬಿರುಕುಗಳು ಸಾಮಾನ್ಯವಾಗಿ ತಳಪಾಯವು ಕದಲಿರುವುದರ ಗುರುತು. ಎರೆಭೂಮಿಯಲ್ಲಿ ಇದು ಹೆಚ್ಚು. ಆ ಮಣ್ಣು ನೆನೆದಾಗ ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ವರ್ಷವರ್ಷವೂ ಗೋಡೆಯನ್ನು ಎತ್ತಿ ಇಳಿಸುತ್ತದೆ. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ತಿಳಿಯಲು, ಅದರ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖನ್ನು ಬರೆದಿಡಬೇಕು. ಗಾಜು ಒಡೆದರೆ ಗೋಡೆಯು ಇನ್ನೂ ಚಲಿಸುತ್ತಿದೆಯೆಂದು ತಿಳಿಯತಕ್ಕದ್ದು.

2. ಕಟ್ಟುವಾಗಿನ ಪರೀಕ್ಷೆ

ಹೊಸ ಮನೆಯನ್ನು ಮುಗಿದ ಮೇಲೆ ನೋಡುವುದಕ್ಕಿಂತ ಹಂತಹಂತವಾಗಿ ನೋಡುವುದು ಮೇಲು. ಪಾಯವನ್ನು ತುಂಬುವ ಮೊದಲು, ಕಬ್ಬಿಣದ ಸಲಾಕೆಗಳನ್ನು ಕಾಂಕ್ರೀಟಿನಿಂದ ಮುಚ್ಚುವ ಮೊದಲು, ಗಾರೆ ಮಾಡುವ ಮೊದಲು, ಹೀಗೆ ಮೂರು ಸಲವಾದರೂ ನೋಡಬೇಕು. ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಾದರೆ 10 ದಿನ ನೀರುಣಿಸಬೇಕು. ಬಿಸಿಲೂ ಒಣಹವೆಯೂ ಹೆಚ್ಚಾಗಿದ್ದರೆ ಕ್ರಮವಾಗಿ 10 ಮತ್ತು 14 ದಿನಗಳು. ಈ ನೀರನ್ನು ಉಳಿಸಿದವನು ಮುಂದೆ ಮನೆಯ ಆಯುಷ್ಯವನ್ನು ಕಳೆದುಕೊಳ್ಳುವನು.

3. ಮಳೆಗಾಲದ ಮುಂಚಿನ ಪರೀಕ್ಷೆ

ಹೆಂಚಿನ ಮನೆಗಳಲ್ಲಿ ಒಡೆದ ಮತ್ತು ಸರಿದ ಹೆಂಚುಗಳನ್ನೂ ರೀಪು ತೊಲೆಗಳ ತುದಿಗಳನ್ನೂ ಮೇ ತಿಂಗಳೊಳಗೆ ನೋಡಿ ಮುಗಿಸಬೇಕು. ತೊಲೆಯು ಗೋಡೆಯೊಳಗೆ ಹೊಕ್ಕಿರುವ ಭಾಗವೇ ಮೊದಲು ಕೊಳೆಯತಕ್ಕದ್ದು.

ಮಣ್ಣಿನ ಮಾಳಿಗೆಗಳಲ್ಲಿ ಇನ್ನೊಂದು ಅಪಾಯವಿದೆ. ಸೋರದಿರಲೆಂದು ಪ್ರತಿವರ್ಷವೂ ಹೊಸ ಮಣ್ಣನ್ನು ಹರಡುವುದು ವಾಡಿಕೆ. ಹಳೆಯದನ್ನು ತೆಗೆಯುವವರು ಕಡಿಮೆ. ಹತ್ತಡಿ ಉದ್ದ ಹತ್ತಡಿ ಅಗಲದ ಮಾಳಿಗೆಯ ಮೇಲೆ ಒಂದೇ ಅಂಗುಲ ಮಣ್ಣು ಹೆಚ್ಚಿದರೆ ಸುಮಾರು 4 ಕ್ವಿಂಟಾಲು ಭಾರ ಹೆಚ್ಚುತ್ತದೆ; ಮಳೆಯಲ್ಲಿ ನೆನೆದಾಗ ಇನ್ನೂ ಹೆಚ್ಚು. ಅಜ್ಜನ ಕಾಲದ ತೊಲೆಯು ಮೊಮ್ಮಗನ ಕಾಲದ ಮಣ್ಣನ್ನೆಲ್ಲ ಹೊರಲಾರದು. ಹಳೆಯ ಮಣ್ಣನ್ನು ಕೆತ್ತಿ ಇಳಿಸಿದ ಮೇಲೆಯೇ ಹೊಸದನ್ನು ಹಾಕತಕ್ಕದ್ದು. ತೊಲೆಯು ಬಾಗಿದ್ದರೆ ಅದೇ ದಿನ ಕೆಳಗಿನಿಂದ ಆಸರೆಗಂಬ ಕೊಟ್ಟು, ದುರಸ್ತಿಯಾಗುವವರೆಗೆ ಅಲ್ಲಿ ಯಾರೂ ಮಲಗಕೂಡದು.

4. ಗೆದ್ದಲಿನ ಪರೀಕ್ಷೆ

ಗೆದ್ದಲು ಬೆಳಕಿಗೆ ಬಾರದೆ ಗೋಡೆಯ ಮೇಲೆ ಮಣ್ಣಿನ ಕೊಳವೆಗಳನ್ನು ಕಟ್ಟಿಕೊಂಡು ಏರುತ್ತದೆ. ಕೊಳವೆಯೊಂದನ್ನು ಮುರಿದು ಕೆಲವು ದಿನಗಳ ಮೇಲೆ ನೋಡಿದಾಗ ಅದು ಪುನಃ ಕಟ್ಟಲ್ಪಟ್ಟಿದ್ದರೆ ಹುಳುವು ಜೀವಂತವಾಗಿದೆ. ಕಟ್ಟಲ್ಪಡದಿದ್ದರೂ ಅದು ಬೇರೆ ದಾರಿ ಹಿಡಿದಿರಬಹುದಾದುದರಿಂದ ಶೋಧನೆಯನ್ನು ಬಿಡಕೂಡದು. ಬಾಗಿಲುವಾಡಗಳನ್ನೂ ತೊಲೆಗಳನ್ನೂ ತಟ್ಟಿದಾಗ ಪೊಳ್ಳು ಶಬ್ದ ಬಂದರೆ ಒಳಗೆ ತಿಂದಿರುವುದೆಂದು ಸಂಶಯಪಡಬೇಕು. ಸೌದೆಯನ್ನು ಗೋಡೆಗೆ ಒರಗಿಸಿ ಒಟ್ಟುವುದೂ ಬಚ್ಚಲ ನೀರನ್ನು ಗೋಡೆಯ ಬುಡದಲ್ಲಿ ಇಂಗಿಸುವುದೂ ಗೆದ್ದಲನ್ನು ಕರೆದಂತೆಯೇ. ಮಣ್ಣಿಗೆ ಔಷಧಿ ಹಾಕಿಸುವುದಾದರೆ ತಿಳಿದವರಿಂದಲೇ ಹಾಕಿಸಬೇಕು. ಬಾವಿಯ ಸಮೀಪದಲ್ಲಿ ಹಾಕಿಸಕೂಡದು.

5. ವಿದ್ಯುತ್ತಿನ ಪರೀಕ್ಷೆ

ಅಧಿಕೃತ ಪರವಾನಗಿಯುಳ್ಳ ಕೆಲಸಗಾರನಿಂದ ತಂತಿಗಳನ್ನೂ ಭೂಸಂಪರ್ಕವನ್ನೂ ಪರೀಕ್ಷಿಸಬೇಕು. 30 ಮಿಲಿಆಂಪಿಯರಿನ ಸೋರಿಕೆ ತಡೆಯುವ ಸ್ವಿಚ್ಚನ್ನು ಹಾಕಿಸಿ, ಅದರ ಪರೀಕ್ಷಾಗುಂಡಿಯನ್ನು ಆಗಾಗ ಒತ್ತಿ ನೋಡತಕ್ಕದ್ದು. ಬಟ್ಟೆ ಒಣಗಿಸುವ ಕಬ್ಬಿಣದ ತಂತಿಯು ವಿದ್ಯುತ್ ತಂತಿಗೆ ತಗುಲುವಂತಿರಕೂಡದು. ಮನುಷ್ಯರು ತಡೆದುಕೊಳ್ಳುವ ಅಲ್ಪ ವಿದ್ಯುತ್ತೂ ದನಗಳಿಗೆ ಮಾರಕವಾಗಬಹುದಾದುದರಿಂದ, ಒದ್ದೆ ನೆಲದ ಕೊಟ್ಟಿಗೆಯನ್ನು ವಿಶೇಷವಾಗಿ ನೋಡಬೇಕು.

6. ಹಗೇವಿನ ಪರೀಕ್ಷೆ

ಹಗೇವು ಇನ್ನೂ ಬಳಕೆಯಲ್ಲಿರುವ ಮನೆಗಳಲ್ಲಿ, ಮುಚ್ಚಿಟ್ಟ ಧಾನ್ಯದ ಉಸಿರಾಟದಿಂದ ಒಳಗಿನ ಪ್ರಾಣವಾಯುವು ಕ್ಷಯಿಸಿ ಇಂಗಾಲಾಮ್ಲವು ತುಂಬಿರುವುದು. ತೆರೆದೊಡನೆ ಇಳಿದವನು ಕೂಗುವುದಕ್ಕೂ ಅವಕಾಶವಿಲ್ಲದೆ ಬೀಳಬಹುದು. ಅವನನ್ನೆತ್ತಲು ಇಳಿದವನ ಗತಿಯೂ ಅದೇ. ಬಾಯನ್ನು ಬಹಳ ಹೊತ್ತು ತೆರೆದಿಟ್ಟು, ಒಳಗೆ ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೇಲೆ ಇಬ್ಬರನ್ನು ನಿಲ್ಲಿಸಿಕೊಂಡಲ್ಲದೆ ಇಳಿಯಕೂಡದು.

ಪರೀಕ್ಷೆಯ ಮಿತಿ

ಕಣ್ಣಿಗೆ ಕಾಣುವುದನ್ನು ಮಾತ್ರ ಪರೀಕ್ಷಕನು ಹೇಳಬಲ್ಲನು. ಗೋಡೆಯ ಒಳಗಿನದನ್ನೆಲ್ಲ ಹೇಳಲಾರನು. ಆದುದರಿಂದ ಒಂದು ಸಲದ ಪರೀಕ್ಷೆಯು ಶಾಶ್ವತವಾದ ಅಭಯವಲ್ಲ. ಪ್ರತಿಯೊಬ್ಬ ಗೃಹಸ್ಥನೂ ಒಂದು ಪುಸ್ತಕವನ್ನಿಟ್ಟು, ನೋಡಿದ ದಿನ, ಕಂಡ ದೋಷ, ಮಾಡಿದ ದುರಸ್ತಿ ಇವುಗಳನ್ನು ಬರೆದಿಡುವುದು ಉತ್ತಮ.

ಗ್ರಾಮದ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಯನ್ನೂ ಅನಂತರ ತಮ್ಮ ಆಳುಗಳು ವಾಸಿಸುವ ಮನೆಗಳನ್ನೂ ಗ್ರಾಮದ ಶಾಲೆಯನ್ನೂ ಈ ಬೇಸಗೆಯಲ್ಲಿಯೇ ನೋಡಿಸಲಿ. ಆಳುಗಳ ಮನೆಯ ಗೋಡೆಯ ಕೆಳಗೂ ಮಕ್ಕಳು ಮಲಗುತ್ತಾರೆಂಬುದನ್ನು ಮರೆಯಲಾಗದು. ಮಳೆಯು ಬಂದ ಮೇಲೆ ಹಾಕುವ ಆಸರೆಗಿಂತ ಮಳೆಗೆ ಮುಂಚೆ ಹಾಕಿದ ಆಸರೆಯೇ ಅಗ್ಗವಾದುದು.