ಮೈನೋವಿಗೂ ಲೆಕ್ಕವಿಡಿ: ಫೈಬ್ರೊಮಯಾಲ್ಜಿಯಾ ಗುರುತಿಸಿ ಗೆಲ್ಲಲು ಹತ್ತು ಸೂತ್ರಗಳು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ವಿಜಯನಗರ ಜಿಲ್ಲೆಯಲ್ಲಿ ಹೊಸಪೇಟೆ ಬಿಟ್ಟರೆ ಉಳಿಯುವ ಐದು ತಾಲ್ಲೂಕುಗಳಿವು. ಇಲ್ಲಿನ ಯಾವ ಆಸ್ಪತ್ರೆಯ ಬೆಂಚಿನ ಮೇಲೆ ಕೂತರೂ ಈ ಮಾತು ಕಿವಿಗೆ ಬೀಳುತ್ತದೆ: "ಮೈಯೆಲ್ಲ ನೋವ್ರೀ ಡಾಕ್ಟ್ರೇ, ರಾತ್ರಿ ನಿದ್ದಿ ಹತ್ತಂಗಿಲ್ಲ." ರಕ್ತಪರೀಕ್ಷೆ ನಾರ್ಮಲ್, ಎಕ್ಸ್‌ರೇ ನಾರ್ಮಲ್. ಒಂದು ಸೂಜಿ ಹಾಕಿಸಿಕೊಂಡು, ನಾಲ್ಕು ಗುಳಿಗೆ ತಗೊಂಡು ಮನೆಗೆ ಬಂದರೆ ಮುಂದಿನ ವಾರ ಮತ್ತೆ ಅದೇ ನೋವು. ಇಂಥವರಲ್ಲಿ ಕೆಲವರಿಗೆ ಇರುವುದು ಫೈಬ್ರೊಮಯಾಲ್ಜಿಯಾ. ಜಗತ್ತಿನಲ್ಲಿ ನೂರು ಜನರಲ್ಲಿ ಸುಮಾರು ಎರಡರಿಂದ ನಾಲ್ಕು ಮಂದಿಗೆ ಇದೆಯೆಂಬ ಅಂದಾಜಿದೆ. ಹೆಂಗಸರಲ್ಲಿ ಹೆಚ್ಚು, ಗಂಡಸರಿಗೂ ತಪ್ಪಿದ್ದಲ್ಲ. ಯಾವ ಯಂತ್ರವೂ ತೋರಿಸದ ಈ ಕಾಯಿಲೆಯನ್ನು ರೋಗಿಯೇ ಬರೆದಿಟ್ಟ ಲೆಕ್ಕ ತೋರಿಸಿಕೊಡುತ್ತದೆ. ಆ ಲೆಕ್ಕ ಇಡುವ ದಾರಿ ಇಲ್ಲಿದೆ.

1. ರಿಪೋರ್ಟ್ ನಾರ್ಮಲ್ ಬಂತೆಂದು ನೋವನ್ನು ಸುಳ್ಳಾಗಿಸಬೇಡಿ

ಈ ಕಾಯಿಲೆಯಲ್ಲಿ ಕೀಲು ಸವೆದಿರುವುದಿಲ್ಲ, ಸ್ನಾಯು ಹರಿದಿರುವುದಿಲ್ಲ. ಮೆದುಳು ಮತ್ತು ಬೆನ್ನುಹುರಿ ನೋವಿನ ಸಂದೇಶವನ್ನು ಜಾತ್ರೆಯ ಮೈಕಿನಂತೆ ದೊಡ್ಡದು ಮಾಡಿ ಕೇಳಿಸುತ್ತವೆ. ಹಾಗಾಗಿ ಎಕ್ಸ್‌ರೇಯಲ್ಲಿ ಏನೂ ಕಾಣದು, ನೋವು ಮಾತ್ರ ನಿಜ. ಅತ್ತೆಯೋ ಗಂಡನೋ ಮಗನೋ, "ಕೆಲಸಗಳ್ಳತನ" ಎನ್ನುವ ಮೊದಲು ಇದನ್ನು ತಿಳಿದುಕೊಳ್ಳಲಿ.

2. ಮೂರು ತಿಂಗಳು, ಇಡೀ ಮೈ: ಎರಡನ್ನೂ ನೋಡಿ

ಒಂದು ಮಂಡಿ ಅಥವಾ ಬರೀ ಸೊಂಟ ನೋಯುವುದು ಫೈಬ್ರೊಮಯಾಲ್ಜಿಯಾ ಅಲ್ಲ. ಮೈಯನ್ನು ಐದು ಭಾಗ ಮಾಡಿಕೊಳ್ಳಿ: ಮೇಲಿನ ಎಡ, ಮೇಲಿನ ಬಲ, ಕೆಳಗಿನ ಎಡ, ಕೆಳಗಿನ ಬಲ, ನಡುವಿನ ಕತ್ತು-ಬೆನ್ನು-ಸೊಂಟ. ಕನಿಷ್ಠ ನಾಲ್ಕು ಭಾಗಗಳಲ್ಲಿ ನೋವಿದ್ದು, ಲಕ್ಷಣಗಳು ಮೂರು ತಿಂಗಳಿಂದ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇದ್ದರೆ ಅನುಮಾನಪಡಬೇಕು. 1990ರ ನಿಯಮದಂತೆ ವೈದ್ಯರು ಮೈಮೇಲಿನ 18 ಜಾಗ ಒತ್ತಿ, 11ರಲ್ಲಿ ನೋವಿದೆಯೇ ಎಂದು ನೋಡುತ್ತಿದ್ದರು. 2010ರಲ್ಲಿ ಬಂದು 2016ರಲ್ಲಿ ತಿದ್ದುಪಡಿಯಾದ ಮಾನದಂಡಕ್ಕೆ ಆ ಒತ್ತುವ ಪರೀಕ್ಷೆ ಬೇಕಿಲ್ಲ. ರೋಗಿ ಹೇಳುವುದೇ ಅದಕ್ಕೆ ಆಧಾರ.

3. ಹತ್ತೊಂಬತ್ತು ಜಾಗ ಎಣಿಸಿ

ಹಾಳೆಯ ಮೇಲೆ ಮನುಷ್ಯನ ಆಕೃತಿ ಬರೆಯಿರಿ. ಎರಡೂ ಕಡೆಯ ಭುಜ, ಮೇಲ್ತೋಳು, ಮುಂಗೈ, ಪೃಷ್ಠ, ತೊಡೆ, ಮೊಣಕಾಲ ಕೆಳಗಿನ ಕಾಲು, ದವಡೆ ಸೇರಿ ಹದಿನಾಲ್ಕು. ಎದೆ, ಹೊಟ್ಟೆ, ಕತ್ತು, ಮೇಲ್ಬೆನ್ನು, ಕೆಳಬೆನ್ನು ಐದು. ಕಳೆದ ಏಳು ದಿನಗಳಲ್ಲಿ ನೊಂದ ಜಾಗಕ್ಕೆಲ್ಲ ಗುರುತು ಹಾಕಿ, ಎಣಿಸಿ. ಓದು ಬರದ ಅಮ್ಮನಿಗೆ ಶಾಲೆಗೆ ಹೋಗುವ ಮೊಮ್ಮಗಳು ಇದನ್ನು ಐದು ನಿಮಿಷದಲ್ಲಿ ಮಾಡಿಕೊಡಬಲ್ಲಳು.

4. ನಿದ್ದೆ, ಸುಸ್ತು, ಮರೆವಿಗೂ ಅಂಕ ಕೊಡಿ

ದಣಿವು, ಎದ್ದಾಗಲೂ ಮಲಗಿಲ್ಲವೆಂಬ ಭಾವ, ಮರೆವು ಅಥವಾ ಗಮನ ನಿಲ್ಲದಿರುವುದು: ಒಂದೊಂದಕ್ಕೆ 0ಯಿಂದ 3. ಕಳೆದ ಆರು ತಿಂಗಳಲ್ಲಿ ತಲೆನೋವು, ಕಿಬ್ಬೊಟ್ಟೆ ನೋವು, ಖಿನ್ನತೆ ಇದ್ದರೆ ತಲಾ 1. ಒಟ್ಟು 12. ನೋವಿನ ಜಾಗ 7 ಅಥವಾ ಹೆಚ್ಚಿದ್ದು ಈ ಅಂಕ 5 ಅಥವಾ ಹೆಚ್ಚಿದ್ದರೂ, ಇಲ್ಲವೇ ಜಾಗ 4ರಿಂದ 6 ಇದ್ದು ಅಂಕ 9 ಅಥವಾ ಹೆಚ್ಚಿದ್ದರೂ ಮಾನದಂಡಕ್ಕೆ ಹೊಂದುತ್ತದೆ. ಎರಡನೇ ಸೂತ್ರದ ಷರತ್ತೂ ಜೊತೆಗಿರಬೇಕು. ತೀರ್ಪು ಮಾತ್ರ ವೈದ್ಯರದೇ. ಹಾಳೆಯನ್ನು ಅವರ ಮುಂದಿಡಿ.

5. ಮೊದಲು ನೀರು ಪರೀಕ್ಷಿಸಿ

ನಮ್ಮ ಭಾಗಕ್ಕೆ ಇದು ಬಹಳ ಮುಖ್ಯ. ಕೂಡ್ಲಿಗಿ, ಹರಪನಹಳ್ಳಿ ಕಡೆಯ ಹಲವು ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5 ಕೊನೆಯ ಮಿತಿ. ವರ್ಷಗಟ್ಟಲೆ ಮಿತಿ ಮೀರಿದ ನೀರು ಕುಡಿದರೆ ಎಲುಬು, ಕೀಲು ಬಿಗಿಯಬಹುದು, ಮೈಯೆಲ್ಲ ನೋಯಬಹುದು. ಮನೆಯಲ್ಲೇ ಮೂರು ನೋಡಿ: ಮಂಡಿ ಬಗ್ಗಿಸದೆ ಕಾಲ್ಬೆರಳು ಮುಟ್ಟಲು, ಗದ್ದ ಎದೆಗೆ ತಾಗಿಸಲು, ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯಲು ಆಗುತ್ತದೆಯೇ? ಆಗದಿದ್ದರೆ ವೈದ್ಯರಿಗೆ ಹೇಳಿ. ಮುಂಗೈ ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆಯಿಂದ ತಿಳಿಯಬಹುದು. ಹಲ್ಲಿನ ಕಂದು ಕಲೆಯನ್ನಷ್ಟೇ ನಂಬಬೇಡಿ. ಆ ಕಲೆ ಬೀಳುವುದು ಚಿಕ್ಕಂದಿನಲ್ಲಿ. ಬೇರೆ ಊರಿನಿಂದ ಬಂದ ಸೊಸೆಯ ಹಲ್ಲು ಬೆಳ್ಳಗಿದ್ದೂ ಎಲುಬು ಕೆಟ್ಟಿರಬಹುದು. ಕುದಿಸಿದರೆ ಫ್ಲೋರೈಡ್ ಹೋಗದು. ಸುಸ್ಥಿತಿಯಲ್ಲಿರುವ ಶುದ್ಧ ನೀರಿನ ಘಟಕದಿಂದ ತನ್ನಿ. ಪಂಚಾಯಿತಿಯಲ್ಲಿ ನೀರಿನ ಪರೀಕ್ಷೆ ಕೇಳಿ.

6. ವೇಷ ಹಾಕಿ ಬರುವ ಬೇರೆ ಕಾಯಿಲೆ ತಪ್ಪಿಸಿಕೊಳ್ಳದಿರಲಿ

ರಕ್ತಕಣಗಳ ಎಣಿಕೆ, ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಥೈರಾಯ್ಡ್ ಪರೀಕ್ಷೆ: ಶುರುವಿಗೆ ಸಾಮಾನ್ಯವಾಗಿ ಇಷ್ಟು ಸಾಕು. ರಕ್ತಹೀನತೆ, ಥೈರಾಯ್ಡ್ ಕೊರತೆ ಸಿಕ್ಕರೆ ಚಿಕಿತ್ಸೆ ಸುಲಭ. ಬೆರಳ ಕೀಲು ಊದಿ, ಬೆಳಗಿನ ಬಿಗಿತ ಗಂಟೆಗೂ ಮೀರಿದರೆ ಸಂಧಿವಾತ ಇರಬಹುದು. 2006ರಲ್ಲಿ ರಾಜ್ಯವನ್ನೇ ಮಲಗಿಸಿದ ಚಿಕೂನ್‌ಗುನ್ಯಾದಂಥ ಜ್ವರದ ನಂತರವೂ ಕೀಲುನೋವು ತಿಂಗಳುಗಟ್ಟಲೆ ಉಳಿಯಬಹುದು. ಕುರಿ-ಮೇಕೆ ಸಾಕುವವರಿಗೆ ಬಿಟ್ಟುಬಿಟ್ಟು ಜ್ವರ, ಬೆನ್ನುನೋವು ಇದ್ದರೆ ಬ್ರುಸೆಲ್ಲಾ ಸೋಂಕಿನ ಪರೀಕ್ಷೆ ಬೇಕು. ಇವುಗಳಲ್ಲಿ ಒಂದು ಸಿಕ್ಕಿತೆಂದು ಫೈಬ್ರೊಮಯಾಲ್ಜಿಯಾ ಇಲ್ಲವೆಂದಲ್ಲ. ಎರಡೂ ಜೊತೆಗಿರಬಹುದೆಂದು 2016ರ ಮಾನದಂಡವೇ ಹೇಳುತ್ತದೆ.

7. ಇವು ಕಂಡರೆ ಅದೇ ದಿನ ಆಸ್ಪತ್ರೆಗೆ

ಕೈಕಾಲಿನ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಬಿಡದ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಐವತ್ತು ದಾಟಿದ ಮೇಲೆ ಹೊಸದಾಗಿ ಭುಜದ ಬಿಗಿತದ ಜೊತೆ ತಲೆನೋವು, ಕಣ್ಣು ಮಂಜಾಗುವುದು. ಇವಕ್ಕೆ ಹಾಳೆಯಲ್ಲಿ ಬರೆಯುತ್ತಾ ಕೂರಬೇಡಿ. ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಬೇಕಾದರೆ ಬಳ್ಳಾರಿ ಅಥವಾ ದಾವಣಗೆರೆ.

8. ವಾರಕ್ಕೊಮ್ಮೆ ಬರೆಯಿರಿ

ಗಂಟೆಗಂಟೆಗೂ ನೋವು ಗಮನಿಸುತ್ತಿದ್ದರೆ ಮನಸ್ಸು ನೋವಿಗೇ ಅಂಟಿಕೊಳ್ಳುತ್ತದೆ. ಸಂತೆಯ ದಿನದಂತೆ ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳಿ. ಒಂದು ಪುಸ್ತಕದಲ್ಲಿ ಐದು ಸಾಲು ಬರೆದರೆ ಸಾಕು: ನೋವು ಹತ್ತಕ್ಕೆ ಎಷ್ಟು, ನಿದ್ದೆ ಹೇಗಿತ್ತು, ಸುಸ್ತು ಎಷ್ಟು, ಯಾವ ಕೆಲಸ ಆಯಿತು, ಯಾವುದು ಆಗಲಿಲ್ಲ. ಪಕ್ಕದಲ್ಲಿ ಆ ವಾರದ ವಿಶೇಷ ಬರೆಯಿರಿ: ಶೇಂಗಾ ಕಿತ್ತದ್ದು, ನಸುಕಿನಲ್ಲಿ ಮಲ್ಲಿಗೆ ಮೊಗ್ಗು ಬಿಡಿಸಿದ್ದು, ಕೊಟ್ಟೂರು ಜಾತ್ರೆಗೆ ನಡೆದುಹೋದದ್ದು, ಮುಟ್ಟು, ಮನೆಯ ಜಗಳ, ಸಾಲದ ಚಿಂತೆ. ಎರಡು ತಿಂಗಳಲ್ಲಿ ನೋವು ಏರುವ ಕಾರಣ ನಿಮಗೇ ಕಾಣತೊಡಗುತ್ತದೆ.

9. ಒಂದು ಸಲಕ್ಕೆ ಒಂದೇ ಬದಲಾವಣೆ, ನಡಿಗೆಯಿಂದ ಶುರು

ಈ ಕಾಯಿಲೆಗೆ ಅತಿ ಗಟ್ಟಿ ಆಧಾರವಿರುವ ಚಿಕಿತ್ಸೆ ವ್ಯಾಯಾಮ. ಯುರೋಪಿನ ಸಂಧಿರೋಗ ತಜ್ಞರ ಒಕ್ಕೂಟ ಬಲವಾಗಿ ಶಿಫಾರಸು ಮಾಡಿರುವುದು ಇದೊಂದನ್ನೇ. ಹೊಲದ ದುಡಿಮೆ ಇದಕ್ಕೆ ಸಮವಲ್ಲ. ಅದರಲ್ಲಿ ಮೈ ದಣಿಯುತ್ತದೆ, ಹಿಡಿತ ನಮ್ಮ ಕೈಯಲ್ಲಿರುವುದಿಲ್ಲ. ದಿನಕ್ಕೆ ಐದು-ಹತ್ತು ನಿಮಿಷ ಸಮತಟ್ಟು ದಾರಿಯಲ್ಲಿ ನಡೆಯಿರಿ, ವಾರ ಕಳೆದಂತೆ ಚೂರುಚೂರೇ ಹೆಚ್ಚಿಸಿ. ಮೈ ಹಗುರವಾದ ದಿನ ಬಾಕಿ ಕೆಲಸವೆಲ್ಲ ಒಟ್ಟಿಗೆ ಮುಗಿಸಲು ಹೋಗಬೇಡಿ, ಮರುದಿನ ಹಾಸಿಗೆ ಹಿಡಿಸುತ್ತದೆ. ವೈದ್ಯರು ರಾತ್ರಿಗೆ ಅಮಿಟ್ರಿಪ್ಟಿಲಿನ್‌ನಂಥ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ "ತಲೆಕೆಟ್ಟವರ ಗುಳಿಗೆ" ಎಂದು ಬಿಸಾಡಬೇಡಿ. ಅದು ನಿದ್ದೆಗೂ ನೋವಿಗೂ ಕೊಡುವುದು. ಶುರುಮಾಡಿದ ತಾರೀಖು ಬರೆಯಿರಿ, ವಾರಗಳ ಲೆಕ್ಕದಲ್ಲಿ ಫಲ ನೋಡಿ, ಬಾಯಿ ಒಣಗಿದರೆ, ಮಂಪರು ಹೆಚ್ಚಿದರೆ ತಿಳಿಸಿ. ಸ್ಟಿರಾಯ್ಡ್ ಸೂಜಿಯನ್ನು ಕೇಳಿ ಹಾಕಿಸಿಕೊಳ್ಳಬೇಡಿ. ಈ ಕಾಯಿಲೆಗೆ ಅದರಿಂದ ಲಾಭವಿಲ್ಲ. ಪದೇಪದೇ ಹಾಕಿಸಿದರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ದಿನವೂ ನುಂಗುವ ನೋವಿನ ಗುಳಿಗೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು. ಮನಸ್ಸು ಕುಗ್ಗಿದ್ದರೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

10. ಮೂರು ತಿಂಗಳಿಗೊಮ್ಮೆ ಕೂಡಿಸಿ ನೋಡಿ

3 ಮತ್ತು 4ನೇ ಸೂತ್ರದ ಅಂಕ ಕೂಡಿಸಿದರೆ ಹೆಚ್ಚೆಂದರೆ 31. ಮೊದಲ ದಿನ 11 ಜಾಗ, 8 ಅಂಕ ಸೇರಿ 19 ಇದ್ದದ್ದು ಮೂರು ತಿಂಗಳಿಗೆ 9 ಮತ್ತು 5 ಸೇರಿ 14 ಆಯಿತೆನ್ನಿ. ನೋವು ಪೂರ್ತಿ ಹೋಗಿಲ್ಲ, ಆದರೆ ಅಂಕ ಇಳಿದಿದೆ, ಹಿಡಿದ ದಾರಿ ಸರಿಯಿದೆ ಎಂದರ್ಥ. ಅಂಕ ಇಳಿಯದಿದ್ದರೆ ವೈದ್ಯರು ಚಿಕಿತ್ಸೆ ಬದಲಿಸಬೇಕು, ಕಾಯಿಲೆ ಅದೇ ಹೌದೇ ಎಂದು ಮತ್ತೆ ನೋಡಬೇಕು. ಪ್ರತಿ ಭೇಟಿಗೂ ಅದೇ ಪುಸ್ತಕ ಒಯ್ಯಿರಿ. ವೈದ್ಯರು ವರ್ಗವಾಗಿ ಹೋದರೂ ನಿಮ್ಮ ಚರಿತ್ರೆ ನಿಮ್ಮ ಕೈಯಲ್ಲಿರುತ್ತದೆ. ವೈದ್ಯರಲ್ಲೂ ಒಂದು ವಿನಂತಿ: ಆ ಪುಸ್ತಕದ ಮೇಲೆ ಎರಡು ನಿಮಿಷ ಕಣ್ಣಾಡಿಸಿ, ಇಂದಿನ ಅಂಕವನ್ನು ಚೀಟಿಯಲ್ಲಿ ಬರೆಯಿರಿ. ಮುಂದಿನ ಭೇಟಿಯಲ್ಲಿ ಯಾವ ಗುಳಿಗೆ ಮುಂದುವರಿಸಬೇಕು, ಯಾವುದನ್ನು ನಿಲ್ಲಿಸಬೇಕು ಎಂದು ತೀರ್ಮಾನಿಸಲು ಆ ಅಂಕ ನೆರವಾಗುತ್ತದೆ.